ಹೋಸ್ ರೀಲಿಗೆ ಏನಂತೀರಿ? ರಾಟೆ, ಚರಕ, ಸಿಂಬಿ...

ಎಲ್ಲರಿಗೂ ನಮಸ್ಕಾರ. ಹೋಸ್ ರೀಲು, ಅಂದ್ರೆ ನೀರಿನ ಪೈಪ್ ಸುತ್ತಿಡೋ ಹಿಡಿ ಇರೋ ಚಕ್ರ, ಅದಕ್ಕೆ ಕನ್ನಡದಲ್ಲಿ ಒಂದು ಪದ ಬೇಕಿತ್ತು, ಜೊತೆಗೆ ಒಂದೆರಡು ಅನುಮಾನ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ.

ನನ್ನ ಭಾಮೈದ ಜೆಪಿ ನಗರದ ಕಡೆ ಮನೆಗಳ, ಸಣ್ಣಪುಟ್ಟ ಆಫೀಸುಗಳ ಕಿಟಕಿ ಗಾಜು ತೊಳೆಯೋ ಕೆಲಸ ಶುರು ಮಾಡಿದಾನೆ. ಹಗ್ಗ ಕಟ್ಕೊಂಡು ಇಳಿಯೋದಲ್ಲ, ನೆಲದ ಮೇಲೇ ನಿಂತು ಉದ್ದನೆ ಕೋಲು, ತುದೀಲಿ ಬ್ರಷ್ಷು, ಬ್ರಷ್ಷಿಗೆ ಪೈಪಲ್ಲಿ ನೀರು. ಇಂಗ್ಲೆಂಡಲ್ಲಿ ಮನೆ ಕಿಟಕಿ ತೊಳೆಯೋರಲ್ಲಿ ಸುಮಾರು ಜನ ಹೀಗೇ ಮಾಡ್ತಾರೆ. ನೀರಿನ ಟಿಡಿಎಸ್ (ಅದರಲ್ಲಿ ಕರಗಿರೋ ಉಪ್ಪು-ಖನಿಜಗಳ ಲೆಕ್ಕ) ಸೊನ್ನೆ ಹತ್ರ ಇಳಿಸಿಬಿಟ್ರೆ ಒರೆಸೋ ತಾಪತ್ರಯ ಇಲ್ಲ, ತಾನಾಗೇ ಒಣಗತ್ತೆ ಕಲೆ ಬೀಳಲ್ಲ, ಅದೇ ನಮ್ಮ ಬೋರ್ ನೀರು ಬಿಟ್ರೆ ಗಾಜಿನ ತುಂಬಾ ಬಿಳೀ ರಂಗೋಲಿ. (ಅಂದಹಾಗೆ ಶಾಲೇಲಿ ಗಡಸು ನೀರು ಅಂತ ಓದಿದ್ದು, ಮನೇಲಿ ಮಾತ್ರ ಬೋರಿಂದು ಉಪ್ಪು ನೀರು, ಕಾವೇರಿದು ಸಿಹಿ ನೀರು. ಗಡಸು ನೀರು ಅಂತ ಬಾಯ್ಮಾತಲ್ಲಿ ಅಂದಿದ್ದು ನಾನಂತೂ ಕೇಳಿಲ್ಲ.)

ಮೊದಲು ಅರ್ಧ ಇಂಚಿನ ಗಾರ್ಡನ್ ಪೈಪೇ ರೀಲಿಗೆ ಸುತ್ತಿಟ್ಟಿದ್ದ, ನೂರು ಮೀಟರು. ಅದರೊಳಗೆ ನಿಂತಿರೋ ನೀರೇ ಹನ್ನೆರಡು ಕೇಜಿ ಮೇಲಾಗತ್ತೆ, ಎಳೆದೂ ಎಳೆದೂ ಹುಡುಗರ ರಟ್ಟೆ ಬಿದ್ದೋಯ್ತು. ಬ್ರಷ್ಷಿಗೆ ನಿಮಿಷಕ್ಕೆ ಎರಡು ಲೀಟರ್ ಬಂದ್ರೆ ಸಾಕು, ಅದಕ್ಕೆ ಈಗ 6 ಎಂಎಂ ಪೈಪ್ ಹಾಕ್ತಿದಾನೆ, ಅದೇ ನೂರು ಮೀಟರಿಗೆ ನೀರು ಮೂರು ಕೇಜಿ ಕೂಡ ಬರಲ್ಲ. ಪಂಪ್ ಮಾತ್ರ ಜಾಸ್ತಿ ಒತ್ತಬೇಕು. ‘ಭಾವ, ಈ ಪೈಪನ್ನ ರೀಲಿಗೆ ಹಾಕೋದು ಹೇಗೆ ಅಂತ ಹುಡುಗರಿಗೆ ಅರ್ಥ ಆಗೋ ಹಂಗೆ ಒಂದು ಪುಟ ಕನ್ನಡದಲ್ಲಿ ಬರ್ಕೊಡಿ’ ಅಂದ. ಹೂಂ ಅಂದ್ಬಿಟ್ಟೆ, ಅಲ್ಲಿಂದ ಶುರು ನೋಡಿ.

ಮೊದಲ್ನೇದು ಪೈಪಿನ ವಿಷಯ. ‘ಸಣ್ಣ ಪೈಪ್ ತಗೊಂಬಾ’ ಅಂತ ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹುಡುಗನ್ನ ಕಳಿಸಿದ್ರೆ ಅದೇ ಅರ್ಧ ಇಂಚಿಂದು ಹತ್ತು ಮೀಟರ್ ತುಂಡು ತಂದ, ಸಣ್ಣದು ಅಂದ್ರೆ ಗಿಡ್ಡ ಅಂತ. ‘ತೆಳು ಪೈಪು’ ಅಂದ್ರೆ ಅಂಗಡಿಯೋರು ಚೀಪ್ ಮಾಲು ಕೊಡ್ತಾರೆ, ಹಿಸುಕಿದ್ರೆ ಅಪ್ಪಚ್ಚಿ ಆಗೋದು. ಒಳವ್ಯಾಸ ಅಂತ ಬರೆದ್ರೆ ಜಾಮಿಟ್ರಿ ಕ್ಲಾಸು ನೆನಪಾಗತ್ತೆ. ಪಾತ್ರೆಗೆ, ಚೀಲಕ್ಕೆ, ಬಾವಿಗೆ ಎಲ್ಲಕ್ಕೂ ‘ಬಾಯಿ’ ಅಂತೀವಲ್ಲ, ಹಾಗಾಗಿ ಸಣ್ಬಾಯಿ ಪೈಪು ಅಂತ ಬರೆದೆ, ಹುಡುಗರಿಗೆ ತಕ್ಷಣ ಗೊತ್ತಾಯ್ತು. ಕೊಳವೆ ಯಾಕ್ ಬೇಡ ಅಂತ ಯಾರಾದ್ರೂ ಕೇಳ್ತೀರಿ: ಊದುಗೊಳವೆ, ಕೊಳವೆಬಾವಿ ಎಲ್ಲಾ ನೆಟ್ಟಗೆ ನಿಲ್ಲೋವು, ಬಳುಕೋದಕ್ಕೆ ಕೊಳವೆ ಅನ್ನಕ್ಕೆ ನನಗೆ ಬಾಯೇ ಬರಲ್ಲ.

ಆಮೇಲೆ ಫಿಟ್ ಮಾಡೋದು. ರೀಲಿನ ನಡುವೆ ತಿರುಗೋ ಜಾಯಿಂಟ್ ಇರತ್ತೆ, ಅದರ ನಿಪ್ಪಲ್ (ಪೈಪ್ ಸಿಗಿಸೋ ಮೂತಿ) ಅರ್ಧ ಇಂಚು, ಈ ಸಣ್ಬಾಯಿ ಪೈಪು ಅದಕ್ಕೆ ಕೂರಲ್ಲ. ಮಧ್ಯೆ ದೊಡ್ಡ ಬಾಯಿಂದ ಸಣ್ಣ ಬಾಯಿಗೆ ಇಳಿಸೋ ಒಂದು ರೆಡ್ಯೂಸರ್ ಹಾಕಿ, ಪೈಪಿನ ತುದೀನ ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ, ಬೇಗ ನಿಪ್ಪಲ್ ಮೇಲೆ ಒತ್ತಿ ಕ್ಲಿಪ್ ಬಿಗೀಬೇಕು, ಸುತ್ತೋದು ಆಮೇಲೆ. ಇದಕ್ಕೆ ‘ಜೋಡಿಸಿ’ ಅಂದ್ರೆ ತೀರಾ ಸಪ್ಪೆ. ಗುದ್ದಲಿಗೆ ಕಾವು (ಮರದ ಹಿಡಿ) ‘ಹಾಕ್ತೀವಿ’, ಬಳೆ ‘ತೊಡಿಸ್ತೀವಿ’, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ‘ಏರಿಸ್ತಾರೆ’. ಬಿಸಿ ಮಾಡಿ ಹಿಗ್ಗಿಸಿ ಮೇಲಿಂದ ಕೂರಿಸೋದು ಅಂದ್ರೆ ಇದೂ ಅದೇ ಜಾತಿ ಕೆಲಸ, ಅದಕ್ಕೆ ‘ಏರಿಸಿ’ ಅಂತಲೇ ಇಟ್ಟೆ. ತಪ್ಪಿದ್ರೆ ಹೇಳಿ.

ಈಗ ಅಸಲು ತೊಡಕು, ರೀಲು. ಹಾಗೇ ರೀಲ್ ಅಂತ ಬಿಟ್ರೆ ಏನು ಕಷ್ಟ ಅಂದ್ರೆ, ಮೊನ್ನೆ ಕೆಲಸದ ಹುಡುಗ ಫೋನಲ್ಲಿ ‘ಅಣ್ಣಾ ನಾನ್ ಇಲ್ಲಿ ರೀಲ್ ಬಿಡ್ತಾ ಇದೀನಿ’ ಅಂದ, ಭಾಮೈದ ‘ಅದು ಗೊತ್ತು, ಕೆಲಸ ಎಲ್ಲಿಗೆ ಬಂತು ಹೇಳು’ ಅಂದ. ಸುರುಳಿ ಅನ್ನೋಣ ಅಂದ್ರೆ ಅದು ಸುತ್ತಿಕೊಂಡಿರೋ ವಸ್ತು, ಸುತ್ತೋ ಸಾಧನ ಅಲ್ಲ. ಸಿಂಬಿನೂ ಅಷ್ಟೇ, ಹಾವು ಸಿಂಬಿ ಸುತ್ಕೊಂಡಂಗೆ ಪೈಪನ್ನ ಕೈಯಲ್ಲೇ ಸುತ್ತಿ ನೆಲಕ್ಕಿಟ್ರೆ ಆ ಮಾತು ಸರಿ, ಅಲ್ಲಿ ರೀಲೇ ಇಲ್ಲ.

ನನಗೆ ಹೊಳೆದಿದ್ದು ರಾಟೆ. ನೂಲೋದಕ್ಕೂ ರಾಟೆ, ಬಾವಿ ನೀರು ಸೇದೋದಕ್ಕೂ ರಾಟೆ, ಹಗ್ಗಾನೂ ಗೊತ್ತು ನೀರೂ ಗೊತ್ತು ಆ ಪದಕ್ಕೆ. ಇಂಗ್ಲಿಷಿನ ರೀಲ್ ಕೂಡ ಮೂಲದಲ್ಲಿ ನೂಲು ಸುತ್ತೋ ಸಾಧನವೇ, ಆಮೇಲೆ ಗಾಳಕ್ಕೆ, ಸಿನಿಮಾಕ್ಕೆ, ಪೈಪಿಗೆ ಹೋಯ್ತು. ಅವರು ಮಗ್ಗದ ಕಡೆಯಿಂದ ಎತ್ಕೊಂಡು ಬರಬಹುದಾದ್ರೆ ನಮಗೇನು ಧಾಡಿ?

ಆದ್ರೆ ಅದೇ ಹುಡುಗ, ಶಿಡ್ಲಘಟ್ಟದೋನು, ಮನೇಲಿ ರೇಷ್ಮೆ ಕೆಲಸ, ‘ರಾಟೆ ಬಾವೀದಲ್ವಾ ಅಣ್ಣಾ, ಇದು ಚರಕ’ ಅಂದ. ಗೂಡು ಬೇಯಿಸಿ ತೆಗೆದ ಎಳೆ ಸುತ್ಕೊಳೋದು ಅವರಲ್ಲಿ ಚರಕಕ್ಕೆ. ಮಜಾ ಏನಂದ್ರೆ ರೇಷ್ಮೆ ಇಲಾಖೆ ಕಾಗದಗಳಲ್ಲಿ ರೀಲಿಂಗಿಗೆ ‘ನೂಲು ಬಿಚ್ಚಾಣಿಕೆ’ ಅಂತಾರೆ. ಗೂಡಿನ ಕಡೆಯಿಂದ ನೋಡಿದ್ರೆ ಬಿಚ್ಚೋದು, ಚರಕದ ಕಡೆಯಿಂದ ನೋಡಿದ್ರೆ ಸುತ್ತೋದು. ಸರ್ಕಾರಿ ಕನ್ನಡದಲ್ಲಿ ಇಷ್ಟು ಚೆನ್ನಾಗಿರೋ ಪದ ಅಪರೂಪ, ಆದ್ರೆ ನನ್ನ ಪೈಪಿಗೆ ಇದರಿಂದ ಉಪಯೋಗ ಇಲ್ಲ. ಚರಕ ಅಂದ್ರೆ ನಮ್ಮ ತಲೆಮಾರಿಗೆ ಗಾಂಧೀಜಿ ಎದುರಿಗೆ ಬಂದು ಕೂತ್ಬಿಡ್ತಾರೆ, ಅದೂ ಒಂದು ಕಷ್ಟ.

ಕೇಳ್ಬೇಕಿದ್ದು ಇಷ್ಟು: ನಿಮ್ಮ ಕಡೆ ಪಂಪ್‌ಸೆಟ್ ಪೈಪನ್ನೋ, ಕೇಬಲ್ ವೈರನ್ನೋ ಸುತ್ತಿಡೋ ಹಿಡಿ ಇರೋ ಚಕ್ರಕ್ಕೆ ಏನಂತಾರೆ? ಮಗ್ಗದ ಕೆಲಸ ಗೊತ್ತಿರೋರು ಇದ್ರೆ ಇನ್ನೂ ಒಳ್ಳೇದು. ಸದ್ಯಕ್ಕೆ ಹಾಳೇಲಿ ‘ಪೈಪ್ ರಾಟೆ’ ಅಂತ ಬರೆದು ಪಕ್ಕದಲ್ಲಿ ಚಿತ್ರ ಬಿಡಿಸಿದೀನಿ, ಆ ಹುಡುಗ ಅದರ ಮೇಲೆ ಪೆನ್ನಲ್ಲಿ ‘ಚರಕ’ ಅಂತ ತಿದ್ದಿಟ್ಟಿದಾನೆ.