ಜರ್ಮನ್‌ನಲ್ಲಿ ‘ಗಿಫ್ಟ್’ ಅಂದರೆ ವಿಷ! ಇಂಗ್ಲಿಷಿನ ಗಿಫ್ಟ್‌ಗೂ ಇದಕ್ಕೂ ನಂಟಿದೆಯಾ?

ಹೊಸಕಲಿಕೆ:
ಜರ್ಮನ್ ಕಲಿಯಲು ಶುರು ಮಾಡಿ ನಾಲ್ಕು ತಿಂಗಳಾಯಿತು. ನಿನ್ನೆಯ ಪಾಠದಲ್ಲಿ ಒಂದು ಬಾಟಲಿಯ ಚಿತ್ರ ಇತ್ತು, ಅದರ ಮೇಲೆ ತಲೆಬುರುಡೆ, ಕೆಳಗೆ ‘ಗಿಫ್ಟ್’ ಅಂತ ಬರೆದಿತ್ತು. ಅರ್ಥ ಹುಡುಕಿದರೆ ವಿಷ. ಉಡುಗೊರೆಗೆ ಅವರು ‘ಗೆಶೆಂಕ್’ ಅನ್ನುತ್ತಾರಂತೆ. ಇಂಗ್ಲಿಷ್, ಜರ್ಮನ್ ಎರಡೂ ಒಂದೇ ಮನೆತನದ ಭಾಷೆಗಳು ಅಲ್ವಾ? ಹಾಗಾದರೆ ಇದು ಒಂದೇ ಪದವಾ, ಇಲ್ಲ ಸುಮ್ನೆ ಕೇಳುವುದಕ್ಕೆ ಮಾತ್ರ ಒಂದೇ ಥರ ಇದೆಯಾ? ಒಂದೇ ಆಗಿದ್ದರೆ ಉಡುಗೊರೆ ಹೋಗಿ ವಿಷ ಆಗಿದ್ದು ಹೇಗೆ?

ಪದಬೇರು:
ಒಂದೇ ಪದ. ‘ಕೊಡು’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಗಿವ್, ಜರ್ಮನ್‌ನಲ್ಲಿ ಗೇಬನ್. ಅದರಿಂದ ಹುಟ್ಟಿದ ಗಿಫ್ಟ್‌ಗೆ ಮೊದಲಿದ್ದ ಅರ್ಥ ‘ಕೊಟ್ಟಿದ್ದು’ ಅಂತ ಅಷ್ಟೇ. ಹಳೆಯ ಜರ್ಮನ್‌ನಲ್ಲೂ ಉಡುಗೊರೆ ಅನ್ನುವ ಅರ್ಥ ಇತ್ತು.

ತಿರುವು ಬಂದಿದ್ದು ಗ್ರೀಕ್ ಕಡೆಯಿಂದ. ಅಲ್ಲಿ ‘ದೋಸಿಸ್’ ಅಂದರೆ ಕೊಡುವುದು. ವೈದ್ಯರು ಒಂದು ಸಲಕ್ಕೆ ಕೊಡುವ ಔಷಧಿಯ ಅಳತೆಗೂ ಅದೇ ಮಾತು. ಅದು ಲ್ಯಾಟಿನ್‌ಗೆ ಹೋಯಿತು, ಈಗ ನಾವೆಲ್ಲ ಹೇಳುವ ‘ಡೋಸ್’ ಅದೇ. ಆ ಜಾಡಿನಲ್ಲೇ ಜರ್ಮನ್‌ನ ಗಿಫ್ಟ್ ಕೂಡ ‘ಕೊಟ್ಟ ಮದ್ದು’ ಆಯಿತು, ಆಮೇಲೆ ಕೊಲ್ಲುವ ಮದ್ದು. ವಿಷ ಅನ್ನುವ ಮಾತನ್ನು ಬಾಯಿಬಿಟ್ಟು ಹೇಳಲು ಹಿಂಜರಿದು ನಾವೂ ‘ಅವನಿಗೆ ಏನೋ ಕೊಟ್ಟುಬಿಟ್ಟಿದ್ದಾರೆ’ ಅನ್ನುತ್ತೇವಲ್ಲ, ಹಾಗೆ. ಕೊನೆಗೆ ವಿಷದ ಅರ್ಥವೇ ಗಟ್ಟಿಯಾಗಿ ನಿಂತಿತು, ಉಡುಗೊರೆಯ ಅರ್ಥ ಮರೆಯಾಯಿತು. ಪೂರ್ತಿ ಅಲ್ಲ, ‘ಮಿಟ್‌ಗಿಫ್ಟ್’ ಅಂತ ಒಂದು ಪದ ಉಳಿದಿದೆ. ವಧುವಿನ ಜೊತೆಗೆ ಕೊಟ್ಟು ಕಳಿಸುವುದು, ಅಂದರೆ ವರದಕ್ಷಿಣೆ. ಗಮನಿಸಿ, ವಿಷದ ಗಿಫ್ಟ್ ನಪುಂಸಕಲಿಂಗ, ಮಿಟ್‌ಗಿಫ್ಟ್ ಮಾತ್ರ ಇವತ್ತಿಗೂ ಸ್ತ್ರೀಲಿಂಗ. ಹಳೆಯ ಪದದ ಲಿಂಗ ಅಲ್ಲಿ ಹಾಗೇ ಉಳಿದುಕೊಂಡಿದೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಉತ್ತರದಿಕ್ಕು:
ಸ್ವೀಡಿಷ್ ನೋಡಿದರೆ ಇನ್ನೂ ಬೆರಗಾಗುತ್ತೀರಿ. ಅಲ್ಲಿ ಈ ಪದಕ್ಕೆ ವಿಷ ಅಂತಲೂ ಅರ್ಥ, ಮದುವೆಯಾದವರು ಅಂತಲೂ ಅರ್ಥ. ಡೇನಿಷ್, ನಾರ್ವೇಜಿಯನ್‌ನಲ್ಲೂ ಅಷ್ಟೇ. ಮದುವೆಯ ಅರ್ಥಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ‘ಅವರ ಮಗಳನ್ನು ಯಾರಿಗೆ ಕೊಟ್ಟಿದ್ದಾರೆ?’ ಅಂತ ನಾವು ಕೇಳುತ್ತೇವಲ್ಲ, ಅದೇ ‘ಕೊಡು’. ಹಳೆಯ ಇಂಗ್ಲಿಷಿನಲ್ಲೂ ಈ ಪದ ಹೆಣ್ಣಿಗೆ ಕೊಡುವ ತೆರಕ್ಕೆ, ಮದುವೆಗೆ ಬಳಕೆಯಾಗುತ್ತಿತ್ತು.

ಇನ್ನೊಂದು ವಿಷಯ, ಉಚ್ಚಾರಣೆ. ಹಳೆಯ ಇಂಗ್ಲಿಷಿನಲ್ಲಿ ಇದನ್ನು ‘ಯಿಫ್ಟ್’ ಅನ್ನುವ ಹಾಗೆ ಹೇಳುತ್ತಿದ್ದರು. ಡೆನ್ಮಾರ್ಕ್, ನಾರ್ವೆ ಕಡೆಯಿಂದ ಬಂದ ವೈಕಿಂಗರು ಇಂಗ್ಲೆಂಡಿನಲ್ಲಿ ನೆಲೆಸಿದ ಮೇಲೆ ಅವರ ನಾರ್ಸ್ ಭಾಷೆಯ ಪ್ರಭಾವದಿಂದ ‘ಗ’ ಬಂತು, ಉಡುಗೊರೆಯ ಅರ್ಥವೂ ಗಟ್ಟಿಯಾಯಿತು. ಆದರೆ ಅದೇ ನಾರ್ಸ್‌ನ ಕುಡಿಯಾದ ಸ್ವೀಡಿಷ್‌ನಲ್ಲಿ ಆಮೇಲೆ ‘ಗ’ ಮೆತ್ತಗಾಗಿ ಈಗ ಅವರು ‘ಯಿಫ್ಟ್’ ಅನ್ನುತ್ತಾರೆ! ಇಂಗ್ಲಿಷಿಗೆ ಗಕಾರ ಕೊಟ್ಟ ಕಡೆಯವರೇ ಅದನ್ನು ಬಿಟ್ಟುಕೊಟ್ಟರು.

ಹೊಸಕಲಿಕೆ:
ಅಬ್ಬಾ, ಇಷ್ಟೆಲ್ಲ ಇದೆಯಾ! ಹಾಗಾದರೆ ಇಂಗ್ಲಿಷಿನ ‘ಪಾಯ್ಸನ್’ ಎಲ್ಲಿಂದ ಬಂತು?

ಪದಬೇರು:
ಅದೂ ಇದೇ ಥರದ ಕಥೆ. ಲ್ಯಾಟಿನ್‌ನ ‘ಪೋತಿಯೋ’, ಅಂದರೆ ಕುಡಿಯುವುದು, ಪಾನೀಯ. ಅದು ಫ್ರೆಂಚ್ ದಾರಿಯಲ್ಲಿ ಬಂದು ಪಾಯ್ಸನ್ ಆಯಿತು. ಅದೇ ಬೇರಿನ ‘ಪೋಷನ್’ ಮಾತ್ರ ಇಂಗ್ಲಿಷಿನಲ್ಲಿ ಕುಡಿಯುವ ಮದ್ದಾಗಿಯೇ ಉಳಿಯಿತು. ಗ್ರೀಕ್‌ನ ‘ಫಾರ್ಮಕಾನ್’ ಅಂತೂ ಔಷಧಿಯೂ ಹೌದು, ವಿಷವೂ ಹೌದು. ಫಾರ್ಮಸಿ ಅನ್ನುವ ಹೆಸರು ಬಂದಿದ್ದು ಅದರಿಂದಲೇ.

ಉತ್ತರದಿಕ್ಕು:
ಡಚ್ ಬಿಟ್ಟೇ ಹೋಯಿತು. ಅವರು ಎರಡನ್ನೂ ಬೇರೆ ಮಾಡಿಕೊಂಡಿದ್ದಾರೆ. ‘ಖಿಫ್ಟ್’ ಅಂದರೆ ದೇಣಿಗೆ, ಕೊನೆಯ ‘ಟ್’ ಬಿಟ್ಟು ‘ಖಿಫ್’ ಅಂದರೆ ವಿಷ. ಒಂದಕ್ಷರದ ಅಂತರ, ಹಾಗಾಗಿ ಮುಂದೆ ಡಚ್ ಕಲಿತರೆ ಆ ‘ಟ್’ ನುಂಗಬೇಡಿ.