‘ಸ್ವಾಗತಾರ್ಹವಲ್ಲದ’ ಬೇಡ, ‘ಒಲ್ಲದ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯಲ್ಲಿ ನಾನು ಹೊರಗಿನ ಸದಸ್ಯೆ. ಲೈಂಗಿಕ ಕಿರುಕುಳಕ್ಕೆ ಏನು ಶಿಕ್ಷೆ, ಸಮಿತಿಯಲ್ಲಿ ಯಾರಿದ್ದಾರೆ ಎಂಬುದನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಮಾಲೀಕರು ಹಾಕಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. 2024ರ ಜುಲೈ 1ರಿಂದ ಐಪಿಸಿ 354ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಬಂದರೂ ಹಳೇ ಬೋರ್ಡೇ ಗೋಡೆಯ ಮೇಲಿತ್ತು. ಹೊಸದು ಬರೆಯಲು ಕೂತೆ. ಕಲಂ ಬದಲಿಸುವುದು ಐದು ನಿಮಿಷದ ಕೆಲಸ. ತಡೆದದ್ದು ಯಾವುದು ಕಿರುಕುಳ ಎಂದು ಹೇಳಲು ಕಾಯ್ದೆ ಇಂಗ್ಲಿಷಿನಲ್ಲಿ ಬಳಸುವ ‘ಅನ್‌ವೆಲ್‌ಕಮ್’ ಎಂಬ ಪದ.

ಹಳೇ ಬೋರ್ಡಿನಲ್ಲಿ ‘ಸ್ವಾಗತಾರ್ಹವಲ್ಲದ ವರ್ತನೆ’ ಎಂದಿತ್ತು. ಊಟದ ಬಿಡುವಿನಲ್ಲಿ ಓದಿ ಹೇಳಿದೆ. ಮಂಡ್ಯ ಕಡೆಯ ಟೈಲರ್ ಒಬ್ಬರು ಡಬ್ಬಿ ಮುಚ್ಚುತ್ತಾ, “ಸ್ವಾಗತ ಅಂದ್ರೆ ಆರತಿ ಎತ್ತೋದಲ್ವಾ ಮೇಡಂ? ಮೈ ಮುಟ್ಟೋನ್ಗೆ ಯಾರು ಎತ್ತುತಾರೆ?” ಅಂದರು. ಪಕ್ಕದಲ್ಲಿದ್ದ ರಾಯಚೂರಿನ ಹುಡುಗಿ, “ನಾವು ಒಲ್ಲದ್ದು ಅಂತ ಬರೀರಿ ಅಕ್ಕಾರ” ಅಂದಳು.

ಅವಳದ್ದೇ ಸರಿ ಅನ್ನಿಸಿದೆ. ಬಜೆಟ್ ಸ್ವಾಗತಾರ್ಹ, ತೀರ್ಪು ಸ್ವಾಗತಾರ್ಹ ಅನ್ನುತ್ತೇವೆ. ಯಾರಿಗೆ ಅಂತ ಹೇಳುವುದಿಲ್ಲ. ‘ಅರ್ಹ’ ಬಂದ ಕೂಡಲೇ ಅಳೆಯುವ ಕೆಲಸ ನೋಡುವವರ ಪಾಲಾಗುತ್ತದೆ. ಕಾಯ್ದೆಗೆ ಮುಖ್ಯವಾದದ್ದು ದೂರು ಕೊಟ್ಟವಳಿಗೆ ಅದು ಬೇಕಿತ್ತೇ ಎಂಬುದು. ‘ಅನಪೇಕ್ಷಿತ’ವನ್ನೂ ಪ್ರಯತ್ನಿಸಿದೆ, ಕೆಲವರು ‘ಅನಿರೀಕ್ಷಿತ’ ಎಂದು ಓದಿಕೊಂಡರು. ದಿನಾ ಲೈನಿನಲ್ಲಿ ಭುಜ ಸವರಿಕೊಂಡು ಹೋಗುವವನ ಕೈ ಅನಿರೀಕ್ಷಿತವಲ್ಲ, ಆದರೂ ಅದು ಕಿರುಕುಳವೇ.

‘ಒಲ್ಲದ’ದ ಬಗ್ಗೆ ನನ್ನ ಅಳುಕು ಎರಡು. ‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’ ಗಾದೆಯಲ್ಲಿ ಒಲ್ಲದವನು ಗಂಡನೇ. ‘ಒಲ್ಲದ ಸ್ಪರ್ಶ’ದಲ್ಲಿ ಒಲ್ಲದಿರುವವಳು ಪದದ ಹೊರಗಿದ್ದಾಳೆ. ಹಾಗಾಗಿ ‘ಅವಳು ಒಲ್ಲದ’ ಎಂದು ಬಿಡಿಸಿಯೇ ಬರೆಯಬೇಕೇನೋ. ಇನ್ನೊಂದು, ‘ಒಲ್ಲೆ’ ಎಂದು ಬಾಯಿ ಬಿಟ್ಟು ಹೇಳಿದ್ದರೆ ಮಾತ್ರ ಲೆಕ್ಕ ಎಂಬ ಅರ್ಥ ಬಂದುಬಿಟ್ಟರೆ? ಸೂಪರ್‌ವೈಸರ್ ಎದುರು ಬಾಯಿ ಬಾರದೆ ನಿಂತವಳ ದೂರೂ ನಿಲ್ಲಬೇಕು. ‘ಬೇಡವಾದ’ ಎಂದರೆ ಈ ತೊಡಕಿಲ್ಲ, ಆದರೆ ಅದರಲ್ಲಿ ಬಿಸಾಡುವ ವಸ್ತುವಿನ ಛಾಯೆ ನನಗೆ ಕಾಣುತ್ತದೆ.

ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ಒಲ್ಲದ’ ಅಂದರೆ ಮನಸ್ಸಿಲ್ಲದಿರುವುದೋ, ಬಾಯಲ್ಲಿ ಬೇಡವೆಂದದ್ದೋ? ಮೈಸೂರು, ಮಂಡ್ಯ ಕಡೆಯವರಿಗೆ ಪುಸ್ತಕದ ಮಾತಾಗಿ ಕೇಳುತ್ತದೆಯೇ? ಬೋರ್ಡ್ ಸೋಮವಾರ ಪ್ರಿಂಟಿಗೆ ಹೋಗುತ್ತದೆ.