ಹೋದ ತಿಂಗಳೇ ಎದೆ ಎಕ್ಸ್‌ರೇ ಆಗಿದೆ, ಈಗ ಸೊಂಟದ್ದೂ ಕೈಯದ್ದೂ ತೆಗೆಸಬಹುದಾ?

ಬಾಗೇಪಲ್ಲಿಯವ:
ಅಮ್ಮನಿಗೆ 58 ವರ್ಷ. ಹೋದ ತಿಂಗಳು ಕೆಮ್ಮು ಬಿಡಲಿಲ್ಲ ಅಂತ ಎದೆ ಎಕ್ಸ್‌ರೇ ತೆಗೆಸಿದ್ದೆವು. ಈಗ ಸೊಂಟ, ಕುತ್ತಿಗೆ ಬಿಗಿದುಕೊಂಡಿದೆ, ಕೆಳಗೆ ಕೂತರೆ ಏಳೋಕಾಗಲ್ಲ. ಡಾಕ್ಟರು ಸೊಂಟದ ಜೊತೆಗೆ ಮುಂಗೈ ಎಕ್ಸ್‌ರೇಯನ್ನೂ ಬರೆದುಕೊಟ್ಟಿದ್ದಾರೆ. ಕೈ ನೋವೇ ಇಲ್ಲ, ಅದು ಯಾಕೆ? ಪದೇ ಪದೇ ತೆಗೆಸಿದರೆ ಕ್ಯಾನ್ಸರ್ ಬರುತ್ತೆ ಅಂತ ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ಅಮ್ಮನ ಜೊತೆ ಹೋಗುವುದು ನನ್ನ ಹೆಂಡತಿ, ಅವಳಿಗೆ ಈಗ ಮೂರು ತಿಂಗಳು.

ಕೋಲಾರದ ಟೆಕ್ನಿಶಿಯನ್:
ಮೊದಲು ಹೆಂಡತಿ ವಿಷಯ. ಅವರು ಎಕ್ಸ್‌ರೇ ರೂಮಿನ ಒಳಗೆ ಹೋಗುವುದು ಬೇಡ. ಹೊರಗೆ ಬೆಂಚಿನ ಮೇಲೆ ಕೂತಿರಲಿ, ತೊಂದರೆಯಿಲ್ಲ. ಅಮ್ಮನನ್ನು ಹಿಡಿದುಕೊಳ್ಳಬೇಕಾದರೆ ನೀವೇ ಹೋಗಿ, ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಿ.

ಇನ್ನು ಕೈ. ಡಾಕ್ಟರಿಗೆ ನೀರಿನ ಮೇಲೆ ಅನುಮಾನ ಬಂದಿರಬೇಕು. ನಿಮ್ಮ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ ಸೇರಿಕೊಂಡು ಸೊಂಟ, ಕುತ್ತಿಗೆ ಬಿಗಿಯಬಹುದು. ಈ ಕಾಯಿಲೆಗೆ ಫ್ಲೋರೋಸಿಸ್ ಅಂತಾರೆ. ಮುಂಗೈಯಲ್ಲಿ ಎರಡು ಮೂಳೆ, ನಡುವೆ ಒಂದು ತೆಳು ಪೊರೆ. ಮಾಮೂಲಿ ಕೈಯಲ್ಲಿ ಆ ಪೊರೆ ಫಿಲ್ಮಿನಲ್ಲಿ ಕಾಣುವುದೇ ಇಲ್ಲ. ಫ್ಲೋರೋಸಿಸ್ ಜೋರಾಗಿದ್ದರೆ ಪೊರೆಯಲ್ಲೂ ಕ್ಯಾಲ್ಸಿಯಂ ಕಟ್ಟಿ, ಮೂಳೆ ಅಂಚಿನಿಂದ ಜಾಲಿ ಮುಳ್ಳು ಎದ್ದ ಹಾಗೆ ಬೆಳ್ಳಗೆ ಕಾಣುತ್ತದೆ. ಎಕ್ಸ್‌ರೇ ಮಾಂಸವನ್ನು ಸಲೀಸಾಗಿ ದಾಟುತ್ತದೆ, ಕ್ಯಾಲ್ಸಿಯಂ ಅದನ್ನು ಜಾಸ್ತಿ ತಡೆಯುತ್ತದೆ. ತಡೆದ ಕಡೆ ಬಿಳಿ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ತನ್ನ ಹೆಂಡತಿಯ ಕೈ ತೆಗೆದಾಗ ಮೂಳೆಯೂ ಉಂಗುರವೂ ಕಂಡಿದ್ದು ಹೀಗೇ. ಈ ಕೈ ಫಿಲ್ಮ್ ಬೇಡ ಅನ್ನಬೇಡಿ, ದಯವಿಟ್ಟು.

ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಈ ಕಿರಣಕ್ಕೆ ಜೀವಕೋಶದ ಡಿಎನ್‌ಎ ಕೆಡಿಸುವ ಶಕ್ತಿ ಇದೆ. ಆದರೆ ಲೆಕ್ಕ ನೋಡಿ. ಮಣ್ಣು, ಗಾಳಿ, ಆಕಾಶದಿಂದ ಸುಮ್ನೆ ಕೂತವರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಮೈಗೆ ಬೀಳುವ ವಿಕಿರಣದ ಅಳತೆ) ವಿಕಿರಣ ತಗಲುತ್ತದೆ. ಎದೆ ಎಕ್ಸ್‌ರೇಗೆ 0.1 ಅಥವಾ ಅದಕ್ಕಿಂತ ಕಡಿಮೆ. ಸೊಂಟದ್ದು ಸ್ವಲ್ಪ ಜಾಸ್ತಿ, ಸುಮಾರು 1.5. ಕೈಯದ್ದು 0.01 ಕೂಡ ಇಲ್ಲ.

ಬಾಗೇಪಲ್ಲಿಯವ:
ತುಂಬಾ ಥ್ಯಾಂಕ್ಸ್ ಸರ್. ನಾವು ಬೋರ್ ನೀರೇ ಕುಡಿಯೋದು. ಆ ಕಿರಣ ಮೈಯಲ್ಲೇ ಉಳಿದುಬಿಡುತ್ತಾ?

ಕೋಲಾರದ ಟೆಕ್ನಿಶಿಯನ್:
ಇಲ್ಲ. ಟ್ಯೂಬಿಗೆ ಕರೆಂಟ್ ನಿಂತ ಕ್ಷಣವೇ ಕಿರಣವೂ ನಿಂತಿತು. ಸೊಂಟದ ಫಿಲ್ಮ್ ತೆಗೆಯುವಾಗ ಅಮ್ಮ ಉಸಿರು ಹಿಡಿದು ಅಲ್ಲಾಡದೆ ಮಲಗಿರಲಿ. ಅಲ್ಲಾಡಿದರೆ ಮಸುಕಾಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ. ಬೇಡದ ಡೋಸ್ ಬೀಳುವುದು ಹೀಗೇ.

ಪಾವಗಡದ ಮೇಷ್ಟ್ರು:
ನಮ್ಮಲ್ಲೂ ಇದೇ ಗೋಳು. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬೇಡಿ. ರಿಪೋರ್ಟಿಗೆ ಕಾಯದೆ ಇವತ್ತೇ ನೀರು ಪರೀಕ್ಷೆಗೆ ಕೊಡಿ. ಮನೆಯಲ್ಲಿ ಬಸುರಿ ಇದ್ದಾರೆ, ಅವರೂ ಅದೇ ನೀರು ಕುಡಿಯುತ್ತಿದ್ದಾರೆ ಅಲ್ವಾ?